ಸಹಾಯ ಬೇಕು: ಪತ್ರಿಕೆಯಲ್ಲಿ ಬಂದ ತಪ್ಪು ಅಂಕಿಯನ್ನು ತಿದ್ದಿಸುವುದು ಹೇಗೆ?

ಸಂಸ್ಕರಿತ ಮಾಂಸ ತಿನ್ನುವ ನೂರು ಜನರಲ್ಲಿ 18 ಮಂದಿಗೆ ಕರುಳಿನ ಕ್ಯಾನ್ಸರ್ ಬರುತ್ತದೆ ಎಂದು ದಿನಪತ್ರಿಕೆಯೊಂದು ಬರೆದಿದೆ. ಇದು ಶುದ್ಧ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2015ರಲ್ಲಿ ಹೇಳಿದ್ದೇ ಬೇರೆ: ದಿನಕ್ಕೆ 50 ಗ್ರಾಂ ತಿಂದರೆ ಮೊದಲೇ ಇರುವ ಅಪಾಯ ಸುಮಾರು ಶೇ 18ರಷ್ಟು ಹೆಚ್ಚುತ್ತದೆ. ಅಂದರೆ ನೂರರಲ್ಲಿ ಐವರಿಗೆ ಬರುವಂತಿದ್ದರೆ ಆರರ ಹತ್ತಿರಕ್ಕೆ ಹೋಗುತ್ತದೆ, ಅಷ್ಟೇ.

ನನ್ನ ಚಿಕ್ಕಮ್ಮ ಆ ಸುದ್ದಿಯನ್ನು ಕತ್ತರಿಸಿಟ್ಟುಕೊಂಡು, 18ರ ಸುತ್ತ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ. ರಾತ್ರಿ ನಿದ್ದೆಯಿಲ್ಲ. ಸಂಪಾದಕರಿಗೆ ಎರಡು ಬಾರಿ ಬರೆದೆ. "ಮೂಲ ವರದಿಯಲ್ಲೂ 18 ಎಂದೇ ಇದೆ, ತಿದ್ದುಪಡಿ ಅಗತ್ಯವಿಲ್ಲ" ಎಂಬ ಒಂದೇ ಸಾಲಿನ ಉತ್ತರ ಬಂತು.

ಹೀಗೆ ತಿದ್ದುಪಡಿ ಹಾಕಿಸಿದವರು ಯಾರಾದರೂ ಇದ್ದೀರಾ? ಮೂರನೆಯ ಪತ್ರವನ್ನು ಯಾರಿಗೆ ಬರೆಯಲಿ, ಜೊತೆಗೆ ಏನನ್ನು ಲಗತ್ತಿಸಲಿ? ದಯವಿಟ್ಟು ತಿಳಿಸಿ.