ಮಕ್ಕಳ ಡಾಕ್ಟರಾಗಿ ಸೋಂಕು ರೋಗದ ಸಂಶೋಧನೆಯನ್ನೂ ಮಾಡುವುದು ಬೆಳಗಾವಿಯಲ್ಲಿದ್ದು ಆಗುವ ಮಾತಾ?

ರಾಯಬಾಗದ ಇಂಟರ್ನ್

ಎಲ್ಲರಿಗೂ ನಮಸ್ಕಾರ. ಎಂಬಿಬಿಎಸ್ ಪರೀಕ್ಷೆ ಮುಗಿಸಿ ಬೆಳಗಾವಿಯಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಈಗ ಮಕ್ಕಳ ವಾರ್ಡಿನಲ್ಲಿ ಪೋಸ್ಟಿಂಗ್.

ಹೋದ ವಾರ ಗೋಕಾಕ ಕಡೆಯಿಂದ ನಾಲ್ಕು ದಿನದ ಕೂಸು ಬಂತು. ಹಾಲು ಕುಡಿಯುತ್ತಿಲ್ಲ, ಮೈ ತಣ್ಣಗಾಗಿದೆ, ಅಳುವ ಶಕ್ತಿಯೂ ಇಲ್ಲ. ರಕ್ತ ತೆಗೆದು ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಕಳಿಸಿ, ಆ್ಯಂಟಿಬಯೋಟಿಕ್ ಶುರು ಮಾಡಿದೆವು. ಆರನೇ ದಿನ ಕೂಸು ಚೆನ್ನಾಗಿ ಹಾಲು ಎಳೆಯಿತು. ಕಲ್ಚರ್ ರಿಪೋರ್ಟ್ ಮಾತ್ರ "ಬೆಳವಣಿಗೆ ಇಲ್ಲ" ಅಂತ ಬಂತು. ಹಾಗಾದರೆ ಅದಕ್ಕೆ ಆಗಿದ್ದೇನು ಅಂತ ವಾರ್ಡಿನಲ್ಲಿ ಎಂಡಿ ಓದುತ್ತಿರುವ ಪಿಜಿ ಅಣ್ಣನನ್ನು ಕೇಳಿದೆ. "ಕೂಸು ಹುಷಾರಾಯ್ತಲ್ಲ, ಇನ್ನೇನು ಬೇಕು ನಿನಗೆ?" ಅಂದರು. ಅವರು ಹೇಳಿದ್ದು ಸರಿಯೇ. ಆದರೂ ಹೆಸರೇ ಗೊತ್ತಿಲ್ಲದ ಒಂದು ಜೀವಿಗೆ ಔಷಧ ಹಾಕಿದೆವಲ್ಲ ಅನ್ನೋದು ತಲೆಯಿಂದ ಹೋಗುತ್ತಿಲ್ಲ.

ಮನೆಯಲ್ಲಿ ಬೇರೆಯೇ ಲೆಕ್ಕ. ಅಥಣಿ ಬಸ್‌ಸ್ಟ್ಯಾಂಡ್ ಹತ್ತಿರ ಕಾಕಾನ ಮಳಿಗೆ ಖಾಲಿ ಇದೆ. ಮಕ್ಕಳ ಎಂಡಿ ಮುಗಿಸಿ ಅಲ್ಲಿ ಕ್ಲಿನಿಕ್ ಹಾಕಲಿ ಅಂತ ಅಪ್ಪನ ಆಸೆ. ಕಬ್ಬಿನ ಬಿಲ್ಲು ನಂಬಿ ಓದಿಸಿದವರು, ಬೇಡ ಅನ್ನೋಕೆ ಬಾಯಿ ಬರುವುದಿಲ್ಲ. ಸಂಶೋಧನೆಗೆ ಇನ್ನೆಷ್ಟು ವರ್ಷ ಹಿಡಿಯುತ್ತದೆ? ರೋಗಿಗಳನ್ನು ಬಿಟ್ಟು ಲ್ಯಾಬ್ ಸೇರಬೇಕಾ? ದೆಹಲಿ, ವೆಲ್ಲೂರಿಗೆ ಹೋಗದೆ ಇಲ್ಲೇ ಆಗುವ ಕೆಲಸವಾ?

ನವನಗರ ಔಷಧ ಅಂಗಡಿ

ತಂಗ್ಯವ್ವಾ, ನಾನು ಡಾಕ್ಟರ್ ಅಲ್ಲ. ಬಾಗಲಕೋಟೆಯಲ್ಲಿ 20 ವರ್ಷದಿಂದ ಕೌಂಟರ್ ಹಿಂದೆ ನಿಂತವನು. ಮಕ್ಕಳ ಡಾಕ್ಟರ ಕ್ಲಿನಿಕ್ ಪಕ್ಕ ಅಂಗಡಿ ಇದ್ದರೆ ಮಳೆಗಾಲದಲ್ಲಿ ಊಟಕ್ಕೂ ಬಿಡುವಿರುವುದಿಲ್ಲ, ಅಷ್ಟು ಗಿರಾಕಿ. ಸಂಶೋಧನೆ ಮಾಡಿದ ಡಾಕ್ಟರ ಚೀಟಿ ಮಾತ್ರ ನನ್ನ ಅಂಗಡಿಗೆ ಇವತ್ತಿನವರೆಗೆ ಒಂದೂ ಬಂದಿಲ್ಲ. ಕಾಕಾನ ಮಳಿಗೆಗೆ ಬಾಡಿಗೆ ಕೇಳಲ್ಲ ತಾನೇ? ಮತ್ತೇನು ವಿಚಾರ.

ಟಿಳಕವಾಡಿ ಮಕ್ಕಳ ಡಾಕ್ಟರ್

ತಂಗಿ, ನನಗೆ 50 ದಾಟಿದೆ, ನೀನು ಅಂತಲೇ ಬರೆಯುತ್ತೇನೆ. ನಿನ್ನ ಗೋಕಾಕದ ಕೂಸಿನ ಕಥೆ ಓದಿ ನಗು ಬಂತು. ನನ್ನ ಎಂಡಿ ಥೀಸಿಸ್ ಮುಳುಗಿದ್ದು ಅದೇ ನೀರಿನಲ್ಲಿ.

ನನ್ನ ವಿಷಯ ಎಳೆಗೂಸುಗಳ ನಂಜು, ಅಂದರೆ ಸೋಂಕು ರಕ್ತಕ್ಕೆ ಹರಡುವ ಸೆಪ್ಸಿಸ್. ಆಗ ನಮ್ಮಲ್ಲಿ ತಾನೇ ಬೀಪ್ ಹೊಡೆಯುವ ಕಲ್ಚರ್ ಮಷೀನ್ ಇರಲಿಲ್ಲ. ಬಾಟಲಿಯನ್ನು ಬೆಳಕಿಗೆ ಹಿಡಿದು, ಒಳಗಿನ ನೀರು ಕದಡಿದೆಯಾ ಅಂತ ಕಣ್ಣಲ್ಲೇ ನೋಡಬೇಕಿತ್ತು. ದಿನಾ ಬೆಳಿಗ್ಗೆ ಹೋಗಿ ನೋಡುತ್ತಿದ್ದೆ. ಎಷ್ಟೋ ಬಾಟಲಿಗಳು ತಿಳಿಯಾಗಿಯೇ ಇರುತ್ತಿದ್ದವು. ಕೂಸು ಮಾತ್ರ ಇವತ್ತೋ ನಾಳೆಯೋ ಅನ್ನುವಂತೆ ಮಲಗಿರುತ್ತಿತ್ತು. ಗೈಡ್ "ಬೆಳವಣಿಗೆ ಇಲ್ಲ ಅಂತ ಬರಿ, ಮುಂದಿನದು ನೋಡು" ಅಂದರು. ಬರೆದೆ.

ಒಂದು ಮಧ್ಯಾಹ್ನ ಸವದತ್ತಿ ಕಡೆಯ ಒಬ್ಬ ಆಯಿ ಮೊಮ್ಮಗನನ್ನು ಎತ್ತಿಕೊಂಡು ಬಂದರು. ನಾನು ಸೂಜಿ ತೆಗೆಯುವುದನ್ನು ನೋಡಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಎರಡು ಖಾಲಿ ಸೀಸೆ. "ಇದನ್ನ ಎರಡ ದಿನ ಮಾಡ್ಯಾರ್ರಿ ಸಾಹೇಬ್ರ, ಮತ್ತ ಯಾಕ ಚುಚ್ಚತೀರಿ?" ಅಂದರು. ಸೆಫ್ಟ್ರಿಯಾಕ್ಸೋನ್ ಸೀಸೆಗಳು. (ಕಾಮಾಲೆ ಇರುವ ಎಳೆಗೂಸಿಗೆ ಅದನ್ನು ಕೊಡಬಾರದು, ಅದು ಬೇರೆ ಮಾತು.) ಊರಿನಲ್ಲೇ ಇಂಜೆಕ್ಷನ್ ಆಗಿದ್ದರೆ ನನ್ನ ಬಾಟಲಿಯಲ್ಲಿ ಏನು ತಾನೇ ಬೆಳೆಯಬೇಕು? ಥೀಸಿಸ್‌ಗೆ ನಾನೇ ಮಾಡಿಕೊಂಡ ಫಾರಂ ತೆಗೆದು ನೋಡಿದೆ. ತಾಯಿಯ ವಯಸ್ಸು, ಕೂಸಿನ ತೂಕ, ಹೆರಿಗೆ ಎಲ್ಲಿ ಆಯಿತು, ಎಲ್ಲಾ ಇತ್ತು. ಇಲ್ಲಿಗೆ ಬರುವ ಮುಂಚೆ ಏನು ಔಷಧ ಕೊಟ್ಟಿದ್ದರು ಅನ್ನುವ ಒಂದು ಕಾಲಂ ಇರಲಿಲ್ಲ. ತಪ್ಪು ನನ್ನದೇ. ಹೆಚ್ಚುಕಡಿಮೆ ಒಂದು ವರ್ಷದ ಹಾಳೆಗಳು ನೀರಲ್ಲಿ ಹೋದವು.

ರಕ್ತದ ಪ್ರಮಾಣದಲ್ಲೂ ಎಡವಿದ್ದೆ. ಒಂದು ಎಂಎಲ್ ಆದರೂ ಬೇಕು. ಅಷ್ಟು ಸಣ್ಣ ಕೈ ನೋಡಿದರೆ ಜೀವ ಹಿಂಜರಿಯುತ್ತದೆ, ಅರ್ಧಕ್ಕೇ ನಿಲ್ಲಿಸುತ್ತೇವೆ. ಎಳೆಗೂಸಿನ ರಕ್ತದಲ್ಲಿ ಬ್ಯಾಕ್ಟೀರಿಯಾ ತೀರಾ ಕಡಿಮೆ ಇರಬಹುದು. ಕಡಿಮೆ ರಕ್ತ ತೆಗೆದರೆ ಆ ಹನಿಗಳಲ್ಲಿ ಒಂದೂ ಸಿಗದೆ ಹೋಗಬಹುದು. ನಿನ್ನ ಗೋಕಾಕದ ಕೂಸಿಗೆ ಈ ಎರಡರಲ್ಲಿ ಯಾವುದಾಗಿದೆ ಅಂತ ಒಮ್ಮೆ ಕೇಸ್ ಶೀಟ್ ತೆಗೆದು ನೋಡು.

ಇದನ್ನೇ ದೊಡ್ಡದಾಗಿ, ಸರಿಯಾಗಿ ಮಾಡಿದ್ದನ್ನು ಓದಬೇಕಾದರೆ 2011ರಿಂದ 2014ರವರೆಗೆ ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ ಹುಡುಕು. ಎನ್‌ಐಸಿಯು (ಎಳೆಗೂಸುಗಳ ತೀವ್ರ ನಿಗಾ ಘಟಕ) ಸೇರಿದ 13,530 ಕೂಸುಗಳ ಲೆಕ್ಕ ಅದು. ನಂಜು ತರುವ ಬ್ಯಾಕ್ಟೀರಿಯಾ ಯಾವುದು ಅಂದರೆ ವಿದೇಶಿ ಪುಸ್ತಕ ಓದಿದವರು ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್ ಅಂತ ಬಾಯಿಪಾಠ ಹೇಳುತ್ತಾರೆ. ಅಲ್ಲಿ ಹೆಚ್ಚಾಗಿ ಸಿಕ್ಕಿದ್ದು ಅಸಿನಿಟೋಬ್ಯಾಕ್ಟರ್, ಆಮೇಲೆ ಕ್ಲೆಬ್ಸಿಯೆಲ್ಲಾ, ಆಮೇಲೆ ಇ ಕೋಲೈ. ನಂಜಿನಲ್ಲಿ ಮೂರರಲ್ಲಿ ಎರಡು ಪಾಲು ಹುಟ್ಟಿದ 72 ಗಂಟೆಯೊಳಗೇ ಶುರುವಾಗಿತ್ತು. ನಮ್ಮ ಪುಸ್ತಕ ನಮ್ಮ ವಾರ್ಡಿನಲ್ಲೇ ಬರೆಯಬೇಕು ಅಂತ ನನಗೆ ಅನಿಸಿದ್ದು ಅದನ್ನು ಓದಿದಾಗ.

ಇನ್ನು ಬೆಳಗಾವಿಯಲ್ಲಿ ಆಗುತ್ತದಾ ಅಂತ ಕೇಳಿದ್ದೀಯ. ಆಗಿದೆ. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಹಳ್ಳಿಗಳಲ್ಲಿ ಎಎನ್ಎಂ ಅಂದರೆ ಹಳ್ಳಿ ನರ್ಸುಗಳ ಕೈಯಿಂದ ಮಿಸೋಪ್ರೋಸ್ಟಾಲ್ ಮಾತ್ರೆ ಕೊಡಿಸಿ ನೋಡಿದ್ದು ಇದೇ ಜಿಲ್ಲೆಯಲ್ಲಿ. 1,620 ತಾಯಂದಿರ ಆ ಅಧ್ಯಯನ 2006ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ (ಜೆಎನ್‌ಎಂಸಿ) ಸಂಶೋಧನಾ ಘಟಕದ ಕೆಲಸ ಅದು.

ನಿನಗೆ ಬೇಕಾದದ್ದು ಅದರ ನಂತರದ ಕಥೆ. ಹೆರಿಗೆ ನೋವಿನಲ್ಲಿರುವ ತಾಯಿಗೆ ಅಜಿತ್ರೋಮೈಸಿನ್ 2 ಗ್ರಾಂ ಒಂದೇ ಸಲ ಬಾಯಿಗೆ ಕೊಟ್ಟರೆ ತಾಯಿ ಮತ್ತು ಕೂಸು ಇಬ್ಬರ ನಂಜೂ ಕಡಿಮೆಯಾದೀತಾ ಅಂತ ಏಳು ದೇಶಗಳಲ್ಲಿ ನೋಡಿದರು. ನಮ್ಮ ದೇಶದಲ್ಲಿ ಬೆಳಗಾವಿ, ನಾಗಪುರ. ಒಟ್ಟು 29,278 ತಾಯಂದಿರು. ನಾನು ಆ ತಂಡದವನಲ್ಲ, ದೂರದಿಂದ ನೋಡಿದವನು. 2023ರಲ್ಲಿ ಫಲಿತಾಂಶ ಬಂತು. ತಾಯಂದಿರಲ್ಲಿ ನಂಜು ಅಥವಾ ಸಾವು ಸುಳ್ಳು ಮಾತ್ರೆ (ಔಷಧವಿಲ್ಲದ್ದು) ನುಂಗಿದವರಲ್ಲಿ ಶೇ 2.4, ಔಷಧ ತೆಗೆದುಕೊಂಡವರಲ್ಲಿ ಶೇ 1.6. ದೊಡ್ಡ ಗೆಲುವು. ಆದರೆ ಮಕ್ಕಳ ಡಾಕ್ಟರಾಗಿ ನಾನು ಕಾಯುತ್ತಿದ್ದುದು ಇನ್ನೊಂದು ಅಂಕಿಗೆ. ಹೊಟ್ಟೆಯಲ್ಲೇ ಸತ್ತದ್ದು, ಹುಟ್ಟಿ ಸತ್ತದ್ದು, ನಂಜಾದದ್ದು ಮೂರೂ ಸೇರಿ ಔಷಧದ ಕಡೆ ಶೇ 10.5, ಸುಳ್ಳು ಮಾತ್ರೆಯ ಕಡೆ ಶೇ 10.3. ಕೂಸಿಗೆ ಏನೂ ಸಿಗಲಿಲ್ಲ. ಅವತ್ತು ಓಪಿಡಿ ಮುಗಿಸಿ ಮೊಬೈಲಿನಲ್ಲಿ ಓದಿ, ಸುಮ್ನೆ ಕೂತಿದ್ದೆ.

ಇದನ್ನು ಯಾಕೆ ಹೇಳಿದೆ ಅಂದರೆ, ವಾರ್ಡಿನಲ್ಲಿ ಕೂಸು ಹಾಲು ಕುಡಿದರೆ ನಿನಗೆ ಅವತ್ತೇ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಐದಾರು ವರ್ಷ ಮೈ ಮುರಿದು "ಇಲ್ಲ" ಅನ್ನುವ ಉತ್ತರ ಕೈಗೆ ಬರಬಹುದು. ಅದನ್ನೂ ಪೂರ್ತಿ ಬರೆದು ಅಚ್ಚು ಹಾಕಿಸಬೇಕು. ನಿನ್ನ ಸ್ವಭಾವಕ್ಕೆ ಇದು ಒಗ್ಗುತ್ತದಾ ಅಂತ ನೋಡಿಕೋ. ವರ್ಷಗಳ ಲೆಕ್ಕ ಆಮೇಲಿನದು.

ಆ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನೀಟ್ ಪಿಜಿ ಪ್ರವೇಶ ಪರೀಕ್ಷೆ ದಾಟಿ ಮಕ್ಕಳ ಎಂಡಿ 3 ವರ್ಷ. ಸೋಂಕು ರೋಗಗಳ ಡಿಎಂ (ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಓದು) ಇನ್ನೂ 3 ವರ್ಷ, ಸೀಟು ಕಡಿಮೆ. ಡಿಎಂ ಬೇಡ ಅಂದರೆ ಎಂಡಿ ಮುಗಿಸಿ ಪಿಎಚ್‌ಡಿ ಮಾಡಬಹುದು. ವೈದ್ಯರಿಗಾಗಿಯೇ ಫೆಲೋಶಿಪ್ ಕೊಡುವ ಇಂಡಿಯಾ ಅಲಯನ್ಸ್ ಅಂತ ಒಂದಿದೆ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರು ಮಾಡಿದ್ದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಎರಡು ತಿಂಗಳ ವಿದ್ಯಾರ್ಥಿ ಸಂಶೋಧನಾ ಯೋಜನೆ ಎಸ್‌ಟಿಎಸ್ ನಿನಗೆ ತಪ್ಪಿತು, ಅದು ಓದುತ್ತಿರುವ ಹುಡುಗರಿಗೆ. ನಿನ್ನ ಜೂನಿಯರ್‌ಗಳಿಗೆ ಹೇಳು.

ಇಂಡಿಯಾ ಅಲಯನ್ಸ್ ಶುರುವಾದಾಗ ಜೈವಿಕ ತಂತ್ರಜ್ಞಾನ ಇಲಾಖೆಗೆ ಕಾರ್ಯದರ್ಶಿಯಾಗಿದ್ದವರು ಮಹಾರಾಜ ಕಿಶನ್ ಭಾನ್. ಮೂಲತಃ ಮಕ್ಕಳ ಡಾಕ್ಟರ್. 1980ರ ದಶಕದಲ್ಲಿ ದೆಹಲಿ ಏಮ್ಸ್‌ನ ಎಳೆಗೂಸುಗಳ ಕೋಣೆಯಲ್ಲಿ ಭೇದಿ ತರುವ ರೋಟಾವೈರಸ್ ಹಬ್ಬಿತ್ತು. ಹೊಟ್ಟೆಯಲ್ಲಿ ವೈರಸ್ ಇದೆ, ಆದರೆ ಕೂಸುಗಳಿಗೆ ಭೇದಿ ಇಲ್ಲ. ಬೇರೆಯವರು "ಹುಷಾರಾಗಿವೆಯಲ್ಲ" ಅಂತ ಮನೆಗೆ ಕಳಿಸುತ್ತಿದ್ದರು. ಇವರು ಯಾಕೆ ಅಂತ ಕೇಳಿದರು. ಆ ತಳಿಯಿಂದಲೇ ಮುಂದೆ ರೋಟಾವ್ಯಾಕ್ ಲಸಿಕೆ ಆಯಿತು, 2016ರಲ್ಲಿ ಸರ್ಕಾರಿ ಲಸಿಕೆ ಕಾರ್ಯಕ್ರಮಕ್ಕೆ ಸೇರಿತು. ನಡುವೆ 30 ವರ್ಷ! ನಿನ್ನ ಪಿಜಿ ಅಣ್ಣನಿಗೆ ಇದನ್ನು ಓದಿಸು.

ಅಂಗಡಿ ಅಣ್ಣಾವ್ರೆ, ಸಂಶೋಧಕರ ಚೀಟಿ ಬಂದಿಲ್ಲ ಅಂದಿರಿ. ಓಆರ್‌ಎಸ್ ಪಾಕೀಟು ಮಾರುತ್ತೀರಲ್ಲ? ಅದೂ ಸಂಶೋಧನೆಯಿಂದಲೇ ಬಂದದ್ದು.

ನವನಗರ ಔಷಧ ಅಂಗಡಿ

ಡಾಕ್ಟ್ರೇ, ಸೋತೆ. ಆದರೆ ಓಆರ್‌ಎಸ್‌ನಲ್ಲಿ ಲಾಭ ಏನೂ ಇಲ್ಲ ಬಿಡಿ.

ತೂಕದ ತಕ್ಕಡಿ

ನಾನು ಡಾಕ್ಟರೂ ಅಲ್ಲ, ಅಂಗಡಿಯವಳೂ ಅಲ್ಲ. ತಾಯಿ ಮಕ್ಕಳ ಒಂದು ಅಧ್ಯಯನಕ್ಕಾಗಿ ಖಾನಾಪುರ, ಬೈಲಹೊಂಗಲ ಕಡೆ ಆರು ವರ್ಷ ಮನೆ ಮನೆ ತಿರುಗಿದವಳು. ಡಾಕ್ಟರ್ ಸರ್ ಹೇಳಿದ ಅಂಕಿಗಳು ಎಲ್ಲಿಂದ ಬರುತ್ತವೆ ಅಂತ ಸ್ವಲ್ಪ ಹೇಳುತ್ತೇನೆ.

ಒಪ್ಪಿಗೆ ಪತ್ರ ಕನ್ನಡದಲ್ಲೂ ಬೇಕು, ಮರಾಠಿಯಲ್ಲೂ ಬೇಕು. ಸೊಸೆ ಹೂಂ ಅಂದರೂ ಕಣ್ಣು ಅತ್ತೆಯ ಕಡೆ. ಅತ್ತೆ "ಗಂಡ ಬರಲಿ" ಅನ್ನುತ್ತಾಳೆ, ಗಂಡ ಕೊಲ್ಹಾಪುರದಲ್ಲಿ ಕೆಲಸಕ್ಕೆ. ಓದಲು ಬಾರದವರಿಗೆ ಸಾಕ್ಷಿಯ ಎದುರಿಗೆ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ಅವಸರ ಮಾಡಿದರೆ ಅದು ಒಪ್ಪಿಗೆಯೇ ಅಲ್ಲ.

ಆಮೇಲೆ ಹೆರಿಗೆಯಾದ 42ನೇ ದಿನದ ಭೇಟಿ. ಚೊಚ್ಚಲ ಹೆರಿಗೆ ಅಂದರೆ ತವರುಮನೆ. ನಮ್ಮ ಪುಸ್ತಕದಲ್ಲಿ ಹೆಸರು ಖಾನಾಪುರದ್ದು, ಬಾಣಂತಿ ಇರುವುದು ಚಂದಗಡದಲ್ಲಿ. ಎರಡು ಬಸ್ ಬದಲಿಸಿ ಹೋಗಿ ಕದ ತಟ್ಟಿದರೆ, ಹೊರಗಿನವರಿಗೆ ಕೂಸು ತೋರಿಸೋದಿಲ್ಲ, ದೃಷ್ಟಿ ಆಗುತ್ತದೆ ಅಂತ ಹೊಸ್ತಿಲಲ್ಲೇ ನಿಲ್ಲಿಸುತ್ತಾರೆ. ನಾನು ಒಂದು ಉಪಾಯ ಮಾಡಿದ್ದೆ. ತಕ್ಕಡಿಯ ಜೋಳಿಗೆಯಲ್ಲಿ ಮೊದಲು ಅವರ ಮನೆಯ ಜೋಳವನ್ನೇ ಹಾಕಿ ತೂಗುವುದು. ಅಜ್ಜಿಯರಿಗೆ ನಗು ಬರುತ್ತಿತ್ತು. ಆಮೇಲೆ ಅವರೇ ಕೂಸನ್ನು ತಂದು ಮಲಗಿಸುತ್ತಿದ್ದರು, ಕೆನ್ನೆಗೊಂದು ಕಪ್ಪು ಬೊಟ್ಟು ಇಟ್ಟು.

ತಂಗಿ, ಮುಂದೆ ನೀನು ದೊಡ್ಡ ಡಾಕ್ಟರಾಗಿ ಅಧ್ಯಯನ ಮಾಡಿದರೆ ಮೊದಲ ತಿಂಗಳು ನಮ್ಮಂಥವರ ಜೊತೆ ಬಸ್ಸಿನಲ್ಲಿ ಬಾ. ಎಸಿ ರೂಮಿನಲ್ಲಿ ಕೂತು "ಈ ಕಾಲಂ ಯಾಕೆ ಖಾಲಿ" ಅಂತ ಫೋನ್ ಮಾಡುವವರನ್ನು ನೋಡಿ ನೋಡಿ ಸಾಕಾಗಿದೆ.

ರಾಯಬಾಗದ ಇಂಟರ್ನ್

ಸರ್, ಅಕ್ಕಾ, ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಕೇಸ್ ಶೀಟ್ ತೆಗೆದೆ. ಗೋಕಾಕದ ಕೂಸಿನ ರೆಫರಲ್ ಚೀಟಿಯಲ್ಲಿ "ಇಂಜೆಕ್ಷನ್ ಕೊಟ್ಟಿದೆ" ಅಂತ ಒಂದೇ ಸಾಲು. ಯಾವುದು, ಯಾವಾಗ, ಎಷ್ಟು ಸಲ, ಏನೂ ಇಲ್ಲ. ಹಾಗೇ ಇನ್ನೂ ಒಂಬತ್ತು ಚೀಟಿ ನೋಡಿದೆ. ಔಷಧದ ಹೆಸರು ಇದ್ದದ್ದು ಎರಡರಲ್ಲಿ. ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ಅಥಣಿಯ ಮಳಿಗೆ ಏನು ಮಾಡಲಿ ಸರ್? ಆ ಚೀಟಿಗಳ ಫೋಟೋ ಇಲ್ಲಿ ಹಾಕಲಾ?

ಟಿಳಕವಾಡಿ ಮಕ್ಕಳ ಡಾಕ್ಟರ್

ಫೋಟೋ ಹಾಕಬೇಡ! ಅದರಲ್ಲಿ ತಾಯಿಯ ಹೆಸರು, ಊರು ಇರುತ್ತದೆ. ನಾಳೆ ನಿಮ್ಮ ಯೂನಿಟ್ ಮೇಡಂ ಅಥವಾ ಸರ್ ಹತ್ತಿರ ಹೋಗು, ಚೀಟಿಗಳ ಮೇಲೆ ಸಣ್ಣ ಅಧ್ಯಯನ ಮಾಡಬಹುದಾ ಅಂತ ಕೇಳು. ಹೂಂ ಅಂದರೆ ಎಥಿಕ್ಸ್ ಕಮಿಟಿಗೆ (ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿ) ಅರ್ಜಿ. ಅವರು ಒಪ್ಪುವ ತನಕ ಹನ್ನೊಂದನೇ ಚೀಟಿ ಎಣಿಸಬೇಡ.

ಮಳಿಗೆ ಬಿಡಬೇಡ ಅಂತ ಅಪ್ಪನಿಗೆ ಹೇಳು. ನನ್ನ ಬಾಟಲಿಗಳು ತಿಳಿಯಾಗಿ ಉಳಿದದ್ದು ಬೆಳಗಾವಿಯ ಲ್ಯಾಬಿನಿಂದಲ್ಲ, ಕೂಸಿಗೆ ಮೊದಲ ಇಂಜೆಕ್ಷನ್ ಬಿದ್ದ ಜಾಗದಿಂದ. ಅಥಣಿ ಬಸ್‌ಸ್ಟ್ಯಾಂಡ್ ಹತ್ತಿರ ಕೂತು, ಮೊದಲು ರಕ್ತ ತೆಗೆದು ಆಮೇಲೆ ಇಂಜೆಕ್ಷನ್ ಕೊಟ್ಟು, ಚೀಟಿಯಲ್ಲಿ ಔಷಧದ ಹೆಸರು ಬರೆದು ಕಳಿಸುವ ಒಬ್ಬ ಡಾಕ್ಟರ್ ಆಗ ನನಗೆ ಸಿಕ್ಕಿದ್ದರೆ ಥೀಸಿಸ್ ಒಂದು ವರ್ಷ ಮೊದಲೇ ಮುಗಿಯುತ್ತಿತ್ತು.

ತೂಕದ ತಕ್ಕಡಿ

ಅಥಣಿಯಲ್ಲಿ ಕ್ಲಿನಿಕ್ ಹಾಕಿದರೆ ತಕ್ಕಡಿ ನಾನು ಕೊಡುತ್ತೇನೆ ತಂಗಿ. ಜೋಳ ನೀನೇ ತರಬೇಕು.