ಕ್ಯಾಂಪಸ್ಸಿಗೆ ಬಂದು ಕೂಗುವ ಬೀದಿ ಬೋಧಕರು: ಯೂನಿವರ್ಸಿಟಿ ಯಾಕೆ ಓಡಿಸಲ್ಲ, ವಿದ್ಯಾರ್ಥಿ ಸಂಘ ಏನು ಮಾಡಬಹುದು?

ಕಟ್ಟೆಪುರಾಣ (ಪ್ರಶ್ನೆ)

ಅಮೆರಿಕದ ಸ್ಟೇಟ್ ಯೂನಿವರ್ಸಿಟಿಯೊಂದರ ವಿದ್ಯಾರ್ಥಿ ಸಂಘದ ಪರವಾಗಿ ಕೇಳ್ತಿದ್ದೀನಿ. ಲೈಬ್ರರಿಗೂ ಸ್ಟೂಡೆಂಟ್ ಯೂನಿಯನ್ನಿಗೂ ನಡುವಿನ ಬಯಲಿಗೆ ಪ್ರತಿ ಸೆಮಿಸ್ಟರ್ ಬೀದಿಯಲ್ಲಿ ಕ್ರೈಸ್ತ ಮತಪ್ರಚಾರ ಮಾಡೋ ಬೋಧಕರ ತಂಡ ಬರುತ್ತೆ. ಮೂರ್ನಾಲ್ಕು ಜನ, ಆಳೆತ್ತರದ ಬ್ಯಾನರ್, ಅದರ ಮೇಲೆ ನರಕಕ್ಕೆ ಹೋಗುವವರ ಪಟ್ಟಿ: ಕುಡುಕರು, ಸಲಿಂಗಿಗಳು, ಮುಸ್ಲಿಮರು, ಹಿಂದೂಗಳು, ಕೊನೆಗೆ ಕ್ಯಾಥೊಲಿಕರೂ. ಹುಡುಗಿಯರ ಬಟ್ಟೆ ನೋಡಿ ಕೂಗ್ತಾರೆ. ಯೂನಿವರ್ಸಿಟಿ ಇವರನ್ನ ಯಾಕೆ ಆಚೆ ಹಾಕಲ್ಲ? ವಿದ್ಯಾರ್ಥಿಗಳು ಎಲ್ಲಿವರೆಗೆ ಎದುರು ಮಾತಾಡಬಹುದು? "ಸುಮ್ನೆ ಬಿಟ್ಟುಬಿಡಿ" ಅನ್ನೋದು ಬಿಟ್ಟು ಕೆಲಸಕ್ಕೆ ಬರುವ ಉಪಾಯ ಏನಾದ್ರೂ ಇದ್ಯಾ?

ಕಲಂ_ಒಂದು

ಸ್ಟೇಟ್ ಯೂನಿವರ್ಸಿಟಿ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಫಸ್ಟ್ ಅಮೆಂಡ್‌ಮೆಂಟ್ (ವಾಕ್ ಸ್ವಾತಂತ್ರ್ಯ ಕಾಯೋ ಅಮೆರಿಕ ಸಂವಿಧಾನದ ತಿದ್ದುಪಡಿ) ಕೈ ಕಟ್ಟೋದು ಸರ್ಕಾರದ್ದು. ಖಾಸಗಿ ಕ್ಯಾಂಪಸ್ಸಾದ್ರೆ ಸಾಮಾನ್ಯವಾಗಿ ಸೆಕ್ಯುರಿಟಿಯವರು ಬಂದು ಹೊರಡಿ ಅಂದ್ರೆ ಮುಗೀತು, ಹೋಗದಿದ್ರೆ ಅತಿಕ್ರಮ ಪ್ರವೇಶದ ಕೇಸು. ಸರ್ಕಾರಿ ಕ್ಯಾಂಪಸ್ಸಿನ ಬಯಲಲ್ಲಿ ಏನು ಹೇಳ್ತಾರೆ ಅನ್ನೋದನ್ನ ಮುಟ್ಟೋ ಹಾಗಿಲ್ಲ. ಯಾವಾಗ, ಎಲ್ಲಿ, ಎಷ್ಟು ಸದ್ದಿನಲ್ಲಿ ಅನ್ನೋದಕ್ಕಷ್ಟೇ ನಿಯಮ ಮಾಡಬಹುದು, ಅದೂ ಎಲ್ಲರಿಗೂ ಒಂದೇ ಆಗಿರಬೇಕು.

ಆ ನಿಯಮಗಳೂ ಕೋರ್ಟಿಗೆ ಹೋಗಿ ಬಂದಿವೆ. ಅರ್ಕನ್ಸಾ ಯೂನಿವರ್ಸಿಟಿ, ಹೊರಗಿನವರು ಸೆಮಿಸ್ಟರಿಗೆ ಐದೇ ದಿನ ಮಾತಾಡಬಹುದು ಅಂತ ಮಿತಿ ಹಾಕಿತ್ತು. 2006ರಲ್ಲಿ ಎಂಟನೇ ಸರ್ಕಿಟ್ ಕೋರ್ಟ್ (ಕೆಲವು ರಾಜ್ಯಗಳಿಗೆ ಒಂದರಂತಿರೋ ಫೆಡರಲ್ ಮೇಲ್ಮನವಿ ಕೋರ್ಟ್) ಆ ಐದು ದಿನದ ಮಿತಿಯನ್ನ ಹೊಡೆದುಹಾಕ್ತು, ಆದ್ರೆ ಮೂರು ದಿನ ಮುಂಚೆ ತಿಳಿಸಬೇಕು ಅನ್ನೋದನ್ನ ಉಳಿಸ್ತು. ಟೆನೆಸ್ಸಿ ಟೆಕ್ ಯೂನಿವರ್ಸಿಟಿಯವರು 14 ಕೆಲಸದ ದಿನ ಮುಂಚೆ ತಿಳಿಸಿ ಅಂತಿದ್ರು, 2012ರಲ್ಲಿ ಆರನೇ ಸರ್ಕಿಟ್ ಅದು ತೀರಾ ಹೆಚ್ಚಾಯ್ತು ಅಂತು. ಹಾಗಂತ ಎಲ್ಲ ತೀರ್ಪೂ ಬೋಧಕರ ಕಡೆಗಿಲ್ಲ. ಅಲಬಾಮ ಯೂನಿವರ್ಸಿಟಿಯ ಫುಟ್‌ಪಾತ್ ವಿಷಯದಲ್ಲಿ 2022ರಲ್ಲಿ ಹನ್ನೊಂದನೇ ಸರ್ಕಿಟ್, ಪರ್ಮಿಟ್ ಕೇಳೋದು ಸರಿ ಅಂದಿದೆ. ಹಾಗಾಗಿ ನಿಮ್ಮ ಯೂನಿವರ್ಸಿಟಿಯ ಹೊರಾಂಗಣ ಬಳಕೆ ನಿಯಮ, ನಿಮ್ಮ ರಾಜ್ಯದ ಕಾನೂನು, ಎರಡನ್ನೂ ತೆಗೆದು ಓದಿ. ಮಿಸೌರಿ ತರದ ರಾಜ್ಯಗಳು (ಅಲ್ಲಿ 2015ರ ಕಾನೂನು) ಸರ್ಕಾರಿ ಕ್ಯಾಂಪಸ್ಸಿನ ಬಯಲನ್ನೆಲ್ಲ ಮುಕ್ತ ವೇದಿಕೆ ಅಂತ ಬರೆದೇ ಇಟ್ಟಿವೆ.

ಇನ್ನೊಂದು. "ಜನ ರೊಚ್ಚಿಗೆದ್ದಿದ್ದಾರೆ, ಅದಕ್ಕೇ ಬೋಧಕರನ್ನ ಕಳಿಸಿ" ಅನ್ನೋ ವಾದ ನಿಲ್ಲಲ್ಲ. ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್‌ನ ಅರಬ್ ಹಬ್ಬಕ್ಕೆ ಹಂದಿಯ ತಲೆಯನ್ನ ಕೋಲಿಗೆ ಸಿಕ್ಕಿಸಿಕೊಂಡು ಬಂದ ಬೋಧಕರ ಮೇಲೆ ಹುಡುಗರು ಬಾಟಲಿ ಎಸೆದ್ರು, ಪೊಲೀಸರು ಬೋಧಕರನ್ನೇ ಆಚೆ ಕಳಿಸಿದ್ರು. 2015ರಲ್ಲಿ ಆರನೇ ಸರ್ಕಿಟ್ ಹೇಳಿದ್ದು: ಹಿಡಿಯಬೇಕಾಗಿದ್ದು ಬಾಟಲಿ ಎಸೆದವರನ್ನ.

ಮೂರನೇಸಾಲು

ಕಾನೂನಿನ ಮಾತು ಮೇಲೆ ಬಂತು. ಜನ ಸೇರೋದು ಹೇಗೆ ಅಂತ ನೋಡಿ, ಉಪಾಯ ಅಲ್ಲಿದೆ.

ಬೋಧಕರು ಜಾಗ ಆರಿಸೋದು ಎರಡು ಕ್ಲಾಸುಗಳ ನಡುವಿನ ಹತ್ತು ನಿಮಿಷ ಲೆಕ್ಕ ಹಾಕಿ. ಆಗ ದಾರಿ ತುಂಬಿರುತ್ತೆ, ಆದ್ರೆ ಯಾರಿಗೂ ನಿಲ್ಲೋ ಪುರುಸೊತ್ತಿಲ್ಲ. ಅವರಿಗೆ ಬೇಕಾಗಿರೋದು ತಿರುಗಿ ಮಾತಾಡೋ ಮೊದಲನೇ ಆಳು. ಅದಕ್ಕೇ ಒಬ್ಬರನ್ನ ಗುರಿ ಮಾಡಿ ಬಟ್ಟೆ, ಗೆಳೆಯ, ಟ್ಯಾಟೂ ಬಗ್ಗೆ ಕೂಗೋದು. ಆ ಹುಡುಗಿ ನಿಂತು ಉತ್ತರ ಕೊಟ್ಟ ಕ್ಷಣ ಹಿಂದೆ ಬರ್ತಿದ್ದ ಐದಾರು ಜನ ನಿಲ್ತಾರೆ. ಐದಾರು ಜನರ ಬೆನ್ನು ಕಂಡ್ರೆ ಸಾಕು, ಏನಾಯ್ತು ಅಂತ ಇನ್ನಿಪ್ಪತ್ತು ಜನ. ಹತ್ತೇ ನಿಮಿಷಕ್ಕೆ ಅರ್ಧಚಂದ್ರಾಕಾರದ ಗುಂಪು ರೆಡಿ.

ಜೆಡ್ ಸ್ಮಾಕ್ ಅನ್ನೋರು, 2022ರಲ್ಲಿ ತೀರಿಕೊಂಡ್ರು, ಎಪ್ಪತ್ತರ ದಶಕದಿಂದ ಇದನ್ನೇ ಪದ್ಧತಿ ಮಾಡಿಕೊಂಡು ಕ್ಯಾಂಪಸ್ಸಿಂದ ಕ್ಯಾಂಪಸ್ಸಿಗೆ ತಿರುಗಿದವರು. ಕೆಣಕೋದನ್ನೇ ಪ್ರಚಾರದ ದಾರಿ ಅಂತ ಬಾಯಿಬಿಟ್ಟು ಹೇಳ್ತಿದ್ರು. ಅವರ ಹೆಂಡತಿ "ಸಿಸ್ಟರ್ ಸಿಂಡಿ" 2021ರ ಹೊತ್ತಿಗೆ ಟಿಕ್‌ಟಾಕ್‌ನಲ್ಲಿ ಹೆಸರಾದಾಗ ವಿದ್ಯಾರ್ಥಿಗಳು ಬೈಯೋದು ಬಿಟ್ಟು, ನಾಟಕ ನೋಡೋ ಹಾಗೆ ಹುಲ್ಲಿನ ಮೇಲೆ ಕೂತು ಚಪ್ಪಾಳೆ ತಟ್ಟೋಕೆ ಶುರುಮಾಡಿದ್ರು. ಜನ ಇನ್ನೂ ಹೆಚ್ಚಾದ್ರು! ಅಂದ್ರೆ ಕೋಪ ಮಾತ್ರ ಅಲ್ಲ, ಗೇಲಿಯೂ ಅವರಿಗೆ ಊಟವೇ. ಕಝೂ (ಪೀಪಿಯಂಥ ಆಟಿಕೆ ವಾದ್ಯ) ಊದೋದು, ಬೋಧಕನ ಮಾತು ಕೇಳಿ ಗುರುತು ಹಾಕೋ ಬಿಂಗೋ ಕಾರ್ಡ್ ಹಂಚೋದು ಎಲ್ಲ ಆಡೋರಿಗೆ ಮಜಾ, ಅಂಗಳ ಖಾಲಿಯಾಗಲ್ಲ.

ಅಪಾಯ ಇರೋದು ಒಳಗಿನ ಸಾಲಲ್ಲಿ. ಬೋಧಕನಿಂದ ಹತ್ತಡಿ ದೂರದಲ್ಲಿ ನಿಂತಿರೋವರೆಗೆ ಬರೀ ಮಾತು. ಹಿಂದಿನವರು ನೂಕಿ ನೂಕಿ ಮುಂದಿನವರು ಮೂರಡಿಗೆ ಬಂದ್ರೆ ಕೈ ಬ್ಯಾನರ್ ಕೋಲಿಗೆ ತಾಗುತ್ತೆ. ಕೋಲು ಕಿತ್ತುಕೊಂಡ್ರೆ ಕಳ್ಳತನದ ಕೇಸಾಗಬಹುದು. ಉಗಿದ್ರೆ, ಕಾಫಿ ಎರಚಿದ್ರೆ ಹಲ್ಲೆ. ಅವರ ಎದೆ ಮೇಲಿನ ಕ್ಯಾಮೆರಾ ಇರೋದೇ ಆ ಕ್ಷಣಕ್ಕೆ. ಸಿಕ್ಕಿಹಾಕಿಕೊಳ್ಳೋದು ಯಾವಾಗ್ಲೂ ಹತ್ತೊಂಬತ್ತರ ಹುಡುಗ.

ಸಂಘದಿಂದ ಇಬ್ಬರು ಬಣ್ಣದ ಜಾಕೆಟ್ ಹಾಕಿ, ಜನರ ಕಡೆ ಮುಖ ಮಾಡಿ, ಬೋಧಕನಿಗೆ ಬೆನ್ನು ಕೊಟ್ಟು ನಿಲ್ಲಲಿ. ಅವರ ಕೆಲಸ ವಾದ ಅಲ್ಲ, ಆ ಹತ್ತಡಿ ಕಾಯೋದು. ಗುರಿಯಾದ ಹುಡುಗಿಯ ಪಕ್ಕ ಹೋಗಿ, "ಬನ್ನಿ, ಕ್ಲಾಸ್ ಕಡೆ ಜೊತೆಗೆ ಹೋಗೋಣ" ಅಂತ ಮೆಲ್ಲಗೆ ಹೇಳೋಕೆ ಮೂರನೆಯವರು. ಇಷ್ಟರಲ್ಲೇ ಅರ್ಧ ಜಗಳ ನಿಲ್ಲುತ್ತೆ.

ಕಟ್ಟೆಪುರಾಣ

ಅವರ ಬ್ಯಾನರ್ ಮುಂದೆ ಬೆಡ್‌ಶೀಟ್ ಹಿಡಿದು ಮುಚ್ಚಿದ್ರೆ? ಅದನ್ನೇ ಮಾಡೋಣ ಅಂತ ಕೆಲವರ ಹಟ.

ಕಲಂ_ಒಂದು

ಬೇಡ. ಪಕ್ಕದಲ್ಲಿ ನಿಮ್ಮ ಬೋರ್ಡ್ ಹಿಡಿಯೋದು ನಿಮ್ಮ ಹಕ್ಕು. ಅವರದ್ದು ಕಾಣದ ಹಾಗೆ ಮುಚ್ಚೋದು, ಮಾತು ಕೇಳದ ಹಾಗೆ ಡೋಲು ಬಡಿಯೋದು, ಇವು ಎಷ್ಟೋ ಕಡೆ "ಇನ್ನೊಬ್ಬರ ಮಾತಿಗೆ ಅಡ್ಡಿ" ಅಂತ ವಿದ್ಯಾರ್ಥಿ ನಡತೆ ನಿಯಮಕ್ಕೆ ಸಿಗುತ್ತವೆ. ಬೋಧಕ ಸಂಜೆ ಊರು ಬಿಡ್ತಾನೆ, ನೋಟೀಸ್ ಬರೋದು ನಿಮಗೆ.

ಲೆಕ್ಕದಪುಸ್ತಕ

ಕೆಲಸಕ್ಕೆ ಬರೋ ಉಪಾಯ ಕೇಳಿದ್ರಿ: ನಿಮಿಷಕ್ಕಿಷ್ಟು ಅಂತ ದೇಣಿಗೆ. ಬೋಧಕ ಯಾರನ್ನ ಬೈತಾನೋ ಅವರಿಗೆ ನೆರವಾಗೋ ಸಂಸ್ಥೆಗೆ, ಅವನು ಮಾತಾಡಿದಷ್ಟು ಹೊತ್ತಿನ ಲೆಕ್ಕದಲ್ಲಿ ದುಡ್ಡು. ನಿಮಿಷಕ್ಕೆ 10 ಸೆಂಟ್ ಅಂದ್ರೆ ನಾಲ್ಕು ಗಂಟೆಗೆ 24 ಡಾಲರ್. 50 ಜನ ಸೇರಿದ್ರೆ 1,200.

ಮೇಜು ಬೋಧಕನಿಂದ ಕನಿಷ್ಠ ನಲವತ್ತಡಿ ದೂರ, ಜನ ನಡೆದು ಬರೋ ದಿಕ್ಕಿನಲ್ಲಿ, ಅವನಿಗಿಂತ ಮೊದಲೇ ಸಿಗೋ ಹಾಗೆ ಇಡಿ. ಪಕ್ಕದಲ್ಲೇ ಇಟ್ರೆ ನೀವೇ ಅವನಿಗೆ ಜನ ಸೇರಿಸಿಕೊಟ್ಟ ಹಾಗೆ. ವೈಟ್‌ಬೋರ್ಡ್ ಮೇಲೆ ಅಲ್ಲಿವರೆಗಿನ ಒಟ್ಟು ದೇಣಿಗೆ ಮೊತ್ತವಷ್ಟೇ ಬರೆದು ಕಾಲು ಗಂಟೆಗೊಮ್ಮೆ ತಿದ್ದಿ.

ಕೈಕೊಡೋದು ಮೂರು ಕಡೆ. ಗರಿಷ್ಠ ಮೊತ್ತ ಬರೆಸಿಕೊಳ್ಳದಿದ್ರೆ ಸಂಜೆಗೆ "ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ" ಅಂತಾರೆ, ಹಾಗಾಗಿ ಫಾರ್ಮಿನಲ್ಲೇ ಮಿತಿಯ ಕಾಲಂ ಇರಲಿ. ವಸೂಲಿ ನಾಳೆಗೆ ಬಿಟ್ರೆ ಬರೋದು ಕಮ್ಮಿ, ಅವತ್ತೇ ರಾತ್ರಿ ಲಿಂಕ್ ಕಳಿಸಿ. ದುಡ್ಡು ಯಾರದೋ ಸ್ವಂತ ಖಾತೆಗೆ ಹೋದ್ರೆ ದೊಡ್ಡ ತಲೆನೋವು, ಸಂಘದ ಖಾತೆಗೆ ಅಥವಾ ನೇರ ಸಂಸ್ಥೆಗೇ ಹೋಗಲಿ. ಮೇಜಿಗೆ ಮುಂಚೆ ಬುಕ್ ಮಾಡಬೇಕಲ್ಲ, ಬೋಧಕರು ಹೇಳಿ ಬರಲ್ಲ. ಸೆಪ್ಟೆಂಬರ್, ಏಪ್ರಿಲ್‌ನಲ್ಲಿ ಬಿಸಿಲಿರೋ ವಾರಗಳಿಗೆ ಮೊದಲೇ ಮೇಜು ಹಿಡಿದಿಡಿ. ಅವರು ಬರದಿದ್ರೆ ಸದಸ್ಯತ್ವದ ಫಾರ್ಮ್ ಹಂಚಿ.

ಮೂರನೇಸಾಲು

ಸೇರಿಸೋದು ಒಂದಿದೆ. ಕ್ಯಾಂಪಸ್ಸಿನ ಕ್ರೈಸ್ತ ವಿದ್ಯಾರ್ಥಿ ಗುಂಪುಗಳನ್ನ ಮೊದಲೇ ಮಾತಾಡಿಸಿ. ಇವರ ಕೂಗಾಟದಿಂದ ಹೆಚ್ಚು ಮುಜುಗರ ಆಗೋದು ಅವರಿಗೇ. ನೀರಿನ ಬಾಟಲಿ ಹಂಚ್ತಾ "ಅವರು ನಮ್ಮ ಪರವಾಗಿ ಮಾತಾಡ್ತಿಲ್ಲ" ಅಂತ ಅವರೇ ಹೇಳಿದ್ರೆ ಬೋಧಕನ ಹತ್ರ ಉತ್ತರ ಕಮ್ಮಿ. ಮತ್ತೆ, ಬೋಧಕ ಯಾರನ್ನಾದ್ರೂ ಹಿಂಬಾಲಿಸಿದ್ರೆ, ಮುಟ್ಟಿದ್ರೆ, ಬೆದರಿಸಿದ್ರೆ ಅದು ಬರೀ ಭಾಷಣ ಅಲ್ಲ. ಗಂಟೆ, ಜಾಗ, ಆಡಿದ ಮಾತು ಬರೆದಿಟ್ಟು, ವಿಡಿಯೊ ಕತ್ತರಿಸದೆ ಕ್ಯಾಂಪಸ್ ಪೊಲೀಸರಿಗೆ ಕೊಡಿ.