ರಾಜ್ಯೋತ್ಸವಕ್ಕೆ ಟ್ರ್ಯಾಕ್ ಪ್ಯಾಂಟ್: ಆಮಂತ್ರಣದಲ್ಲಿ ಒಂದು ಸಾಲು ಸೇರಿಸಬೇಕೇ?

ಮುಲುಂಡ್ ರಾಯರು:
ಮುಂಬೈಯ ನಮ್ಮ ಕನ್ನಡ ಸಂಘದ ಬಂಧುಗಳಿಗೆ ನಮಸ್ಕಾರ. 2025ರ ನವೆಂಬರ್ 2ರ ಭಾನುವಾರ ಬೆಳಗ್ಗೆ ನಮ್ಮ ರಾಜ್ಯೋತ್ಸವ ಇತ್ತು. ಅದೇ ದಿನ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಮಹಿಳಾ ವಿಶ್ವಕಪ್ ಫೈನಲ್. ನಮ್ಮ ಮಕ್ಕಳು ನೀಲಿ ಜೆರ್ಸಿ, ಟ್ರ್ಯಾಕ್ ಪ್ಯಾಂಟ್‌ನಲ್ಲೇ ಸಭಾಗೃಹಕ್ಕೆ ಬಂದರು, ನಾಡಗೀತೆಗೆ ಎದ್ದು ನಿಂತರು, ಊಟ ಮುಗಿಸಿ ಮ್ಯಾಚಿಗೆ ಹೊರಟರು. ಅದು ಒಂದು ದಿನದ ಸಂಭ್ರಮ. ನಮ್ಮ ಹುಡುಗಿಯರು ಕಪ್ ಗೆದ್ದರು, ನಾನೂ ರಾತ್ರಿ ಟಿವಿ ಮುಂದೆ ಕೂತು ಕಣ್ಣೊರೆಸಿಕೊಂಡೆ. ಅದಕ್ಕೆ ನನ್ನ ತಕರಾರಿಲ್ಲ.

ಆದರೆ ಆಮೇಲೆ ಅದೇ ರೂಢಿಯಾಯಿತು. ಸಂಕ್ರಾಂತಿಗೂ ಅದೇ ಉಡುಪು, ಪುಸ್ತಕ ಬಿಡುಗಡೆಗೂ ಅದೇ. ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ಹಿರಿಯ ಭಾಗವತರು ಪಂಚೆ, ಶಾಲು ಹೊದ್ದು ಪದ ಹೇಳುತ್ತಿದ್ದರೆ, ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಜಿಮ್ ಶಾರ್ಟ್ಸ್‌ನಲ್ಲಿ ಕೂತವರನ್ನು ನಾನೇ ನೋಡಿದ್ದೇನೆ. ಮುಂದಿನ ಆಮಂತ್ರಣದಲ್ಲಿ ‘ಆಟದ ಹಾಗೂ ಜಿಮ್ ಉಡುಪಿನಲ್ಲಿ ಬರಬಾರದಾಗಿ ವಿನಂತಿ’ ಎಂಬ ಸಾಲು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಯ ಮುಂದಿಡಲಿದ್ದೇನೆ. ಎಲ್ಲರೂ ಅಭಿಪ್ರಾಯ ತಿಳಿಸಿ.

ನೆರೂಳ್ ಜೆರ್ಸಿ:
ರಾಯರೇ, ಆ ದಿನ ಜೆರ್ಸಿ ಹಾಕಿ ಬಂದವರಲ್ಲಿ ನಾನೂ ಒಬ್ಬ. ನೀವು ಅದನ್ನು ತಪ್ಪು ಅನ್ನದಿದ್ದಕ್ಕೆ ಸಂತೋಷ.

ಆದರೆ ‘ಆಟದ ಉಡುಪು’ ಅಂದರೆ ಯಾವುದು? ಸಂಘದ ಹಿರಿಯರು ಅರ್ಧ ತೋಳಿನ ಕಾಲರ್ ಟೀ ಶರ್ಟ್ ಹಾಕಿ ಬರುತ್ತಾರೆ, ಅದನ್ನು ಯಾರೂ ಆಕ್ಷೇಪಿಸಿಲ್ಲ. ಆ ಅಂಗಿ ಹುಟ್ಟಿದ್ದೇ ಟೆನಿಸ್ ಅಂಗಳದಲ್ಲಿ. ಫ್ರಾನ್ಸಿನ ರೆನೆ ಲಕೋಸ್ತ್ 1926ರಲ್ಲಿ ಅಮೆರಿಕದ ಟೂರ್ನಿಯಲ್ಲಿ ಅದನ್ನು ಹಾಕಿ ಆಡಿದರು, ಏಕೆಂದರೆ ಅಲ್ಲಿಯವರೆಗೆ ಟೆನಿಸ್ ಆಡುವವರು ಉದ್ದ ತೋಳಿನ, ಗಂಜಿ ಹಾಕಿದ ಅಂಗಿಯಲ್ಲಿ ಬೆವರುತ್ತಿದ್ದರು. 1933ರಲ್ಲಿ ಅದೇ ಅಂಗಿ ಅಂಗಡಿಗೆ ಬಂತು. ನಮ್ಮ ಅಧ್ಯಕ್ಷರು ಹಾಕುವ ಬ್ಲೇಜರ್ ಕೂಡ ಇಂಗ್ಲೆಂಡಿನ ದೋಣಿ ಸ್ಪರ್ಧೆಯ ಹುಡುಗರದ್ದು. ಇಂದು ಮರ್ಯಾದೆಯ ಉಡುಪು ಎನ್ನಿಸಿಕೊಂಡಿದ್ದರಲ್ಲಿ ಅರ್ಧ ಭಾಗ ಮೈದಾನದಿಂದಲೇ ಎದ್ದು ಬಂದದ್ದು.

2024ರಲ್ಲಿ ಚೆಂಬೂರಿನ ಕಾಲೇಜೊಂದು ಹರಿದ ಜೀನ್ಸ್, ಟೀ ಶರ್ಟ್ ಜೊತೆ ಜೆರ್ಸಿಯನ್ನೂ ಬೇಡವೆಂದಿತ್ತು. ಆಗ ನನ್ನ ಗೆಳೆಯರು ಕೇಳಿದ್ದು ಇಷ್ಟೇ: ನಮ್ಮ ಓದಿಗೂ ಇದಕ್ಕೂ ಏನು ಸಂಬಂಧ? ಸಂಘದಲ್ಲೂ ಅದೇ ಪ್ರಶ್ನೆ ಕೇಳುವಂತೆ ಆಗಬಾರದು.

ಕಲ್ಯಾಣ್ ಫಾಸ್ಟ್:
ನಾನು ಬ್ಯಾಂಕ್ ಉದ್ಯೋಗಿ, ದಿನಾ ಲೋಕಲ್ ರೈಲಿನಲ್ಲಿ ಕಲ್ಯಾಣದಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ. ಬೆಳಗಿನ ಲೇಡೀಸ್ ಡಬ್ಬಿ ಹತ್ತಿದವರಿಗೆ ಗೊತ್ತು. ದುಪಟ್ಟಾ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ, ಸೀರೆಯ ನೆರಿಗೆಯ ಮೇಲೆ ಇನ್ನೊಬ್ಬರ ಕಾಲು ಬೀಳುತ್ತದೆ. ಈಗ ಕುರ್ತಾದ ಕೆಳಗೆ ಜಾಗರ್ಸ್, ಕಾಲಿಗೆ ಸ್ಪೋರ್ಟ್ಸ್ ಶೂ. ಜಾಗರ್ಸಿನ ಜೇಬಿಗೆ ಜಿಪ್ ಇದೆ. ಪಾಸು, ಮನೆ ಕೀಲಿ, ಮೊಬೈಲು ಎಲ್ಲ ಅದರೊಳಗೆ. ಹೆಂಗಸರ ಉಡುಪಿನಲ್ಲಿ ಜೇಬು ಅನ್ನುವುದು ನನಗೆ ಸಿಕ್ಕಿದ್ದೇ ಈ ಆಟದ ಪ್ಯಾಂಟಿನಿಂದ. ಹಳಿಯ ಮೇಲೆ ನೀರು ನಿಂತು ಕುರ್ಲಾದಿಂದ ಸಯನ್‌ವರೆಗೆ ಸಾಲಾಗಿ ನಡೆದು ಹೋಗಬೇಕಾದ ಮಳೆಗಾಲದ ದಿನಗಳಲ್ಲಿ ಇದೇ ಪ್ಯಾಂಟು ನನ್ನನ್ನು ಮನೆ ಮುಟ್ಟಿಸಿದೆ.

ರಾಯರೇ, ಶನಿವಾರದ ಸಾಹಿತ್ಯ ಗೋಷ್ಠಿಗೆ ನಾನು ನೇರ ಆಫೀಸಿನಿಂದ ಬರುತ್ತೇನೆ. ಆ ಸಾಲು ಅಚ್ಚಾದರೆ ನಾನು ಎಲ್ಲಿ ಬಟ್ಟೆ ಬದಲಿಸಲಿ? ನಮ್ಮ ಬಾಡಿಗೆ ಸಭಾಗೃಹದ ಹೆಂಗಸರ ಶೌಚಾಲಯದಲ್ಲಿ ಒಂದು ಕೊಕ್ಕೆಯೂ ಇಲ್ಲ.

ಇನ್ನೊಂದು ಮಾತು, ಬರೆಯಲೇಬೇಕು. ಇಂಥ ಸಾಲು ಬರೆಯುವಾಗ ಎಲ್ಲರಿಗೂ ಅಂತ ಬರೆಯುತ್ತಾರೆ, ಬಾಗಿಲಲ್ಲಿ ನೋಡುವುದು ಮಾತ್ರ ಹೆಣ್ಣುಮಕ್ಕಳ ಲೆಗ್ಗಿಂಗ್ಸ್ ಅನ್ನು.

ಮುಲುಂಡ್ ರಾಯರು:
ಕಲ್ಯಾಣದ ಅಕ್ಕನವರೇ, ಕುರ್ತಾದ ಕೆಳಗಿನ ಪ್ಯಾಂಟನ್ನು ಯಾರು ಕೇಳುತ್ತಾರೆ? ನನ್ನ ಮಾತು ಆ ಬಗೆಯದ್ದಲ್ಲ. ಕೊಕ್ಕೆಯ ವಿಷಯ ಬರೆದುಕೊಂಡಿದ್ದೇನೆ, ಸಭಾಗೃಹದವರಿಗೆ ಹೇಳಿ ಹಾಕಿಸುತ್ತೇನೆ.

ಕಲ್ಯಾಣ್ ಫಾಸ್ಟ್:
ನೀವು ಕೇಳುವುದಿಲ್ಲ, ನಂಬುತ್ತೇನೆ. ಬಾಗಿಲಲ್ಲಿ ನಿಲ್ಲುವ ಸ್ವಯಂಸೇವಕರು ಕೇಳುತ್ತಾರೆ.

ಗಾಂಧಿ ಮಾರ್ಕೆಟ್:
ರಾಯರ, ನಾನು ಬಟ್ಟಿ ಮಾರೋನು, ನಂದೂ ಎರಡು ಮಾತು ಕೇಳ್ರಿ. ಕಿಂಗ್ಸ್ ಸರ್ಕಲ್ಲಿನ ಗಾಂಧಿ ಮಾರ್ಕೆಟ್ಟಿನ್ಯಾಗ ನಮ್ಮ ಅಂಗಡಿ ಐತಿ. ಮರ್ಯಾದಿ ಪ್ರಶ್ನೆ ನೀವು ದೊಡ್ಡವರು ನೋಡ್ಕೊಳ್ರಿ. ನನ್ನ ಚಿಂತಿ ಬಟ್ಟಿದು.

ಮಂದಿ ಬಂದು ‘ಡ್ರೈ ಫಿಟ್ ಕೊಡ್ರಿ, ದಿನಾ ಹಾಕ್ಕೊಳ್ಳಾಕ’ ಅಂತಾರ. ಅದು ಪಾಲಿಯೆಸ್ಟರ್. ಗಾಳಿಯೊಳಗಿನ ತೇವ ಹತ್ತಿ ತನ್ನ ತೂಕದ ಶೇಕಡಾ 7-8ರಷ್ಟು ಹೀರ್ಕೊಂಡ್ರ, ಪಾಲಿಯೆಸ್ಟರ್ ಬರೇ 0.4. ಅದಕ್ಕ ಲಗೂ ಒಣಗತೈತಿ. ಒಳ್ಳೆ ಮಾಲಿನ್ಯಾಗ ಎಳಿಗಳ ನಡುವಿನ ಸಂದಿ ಹಿಡಿದು ಬೆವರು ಹೊರಗ ಹರಡತೈತಿ, ಗಾಳಿಗೆ ಆರತೈತಿ. ಓಡೋನಿಗೆ ಇದು ಬೇಷ್. ಆದ್ರ ಹಾದಿ ಮ್ಯಾಲಿನ ಅಗ್ಗದ ಫಸ್ಟ್ ಕಾಪಿ, ಅಂದ್ರ ನಕಲಿ ಮಾಲು ಹಂಗಿರೂದಿಲ್ಲ. ಒತ್ತಾಗಿ ನೇಯ್ದು, ಮ್ಯಾಲೆ ಹೊಳಪು ಕೊಟ್ಟಿರ್ತಾರ. ಬೆವರು ಒಳಗೂ ಹೀರಂಗಿಲ್ಲ, ಹೊರಗೂ ಹೋಗಂಗಿಲ್ಲ, ಮೈಗೆ ಅಂಟ್ಕೊಂಡು ಕುಂದರತೈತಿ. ಮುಂಬೈ ಸೆಕೆಯೊಳಗ ಅದನ್ನ ಹನ್ನೆರಡು ತಾಸು ಹಾಕ್ಕೊಂಡು ಕುಂದ್ರೂದು ಬ್ಯಾಡ್ರೀ.

ಎನ್‌ಎಸ್ ಲೈಕ್ರಾ ಅಂತ ಕೇಳ್ತಾರಲ್ಲ, ಅದು ನೈಲಾನ್ ಜೋಡಿ ಸ್ಪ್ಯಾಂಡೆಕ್ಸ್, ಅಂದ್ರ ರಬ್ಬರಿನಂಗ ಹಿಗ್ಗೋ ಎಳಿ. ಸ್ಪ್ಯಾಂಡೆಕ್ಸ್ ಕಂಡುಹಿಡಿದಿದ್ದು 1958ರಾಗ, ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್. ಹೆಂಗಸರ ಒಳಉಡುಪಿನ್ಯಾಗಿನ ರಬ್ಬರ್ ಬದಲು ಹಾಕಾಕ ಹುಡುಕಿದ್ದು, ಆಟಕ್ಕಲ್ಲ. ಬಿಸಿ ಅಂದ್ರ ಅದಕ್ಕ ಆಗಿಬರಂಗಿಲ್ಲ. ಬಿಸಿನೀರಿನ್ಯಾಗ ಒಗದು, ಇಸ್ತ್ರಿ ತಿಕ್ಕಿದ್ರ ಮೊಣಕಾಲ ಹತ್ರ ಜೋಲು ಬೀಳತೈತಿ. ರಾಯರು ನೋಡಿ ಬ್ಯಾಸರ ಮಾಡ್ಕೊಂಡಿದ್ದು ಬಹುಶಃ ಇಂಥ ಜೋತುಬಿದ್ದ ಪ್ಯಾಂಟನ್ನ. ತಣ್ಣೀರಿನ್ಯಾಗ ಒಳಮಗ್ಗಲು ಹೊರಗ ಮಾಡಿ ಒಗೀರಿ, ನೆರಳಿಗೆ ಹಾಕ್ರಿ. ಘಮಘಮ ಅನ್ನೋ ಕಂಡೀಷನರ್ ಹಾಕಬ್ಯಾಡ್ರಿ, ಅದು ಎಳಿ ಮ್ಯಾಲೆ ಪದರಾಗಿ ಕುಂತು ಬೆವರು ಹರಡೂದನ್ನ ಕೆಡಸತೈತಿ.

ದಿನದ ಬಳಕಿಗೆ ಕೇಳಿದ್ರ ನಾನು ತಿರುಪ್ಪೂರಿನ ಹತ್ತಿ ಟ್ರ್ಯಾಕ್ ಪ್ಯಾಂಟ್ ತೋರಸ್ತೀನಿ. ಅದಕ್ಕ ಮಿಂಚಿಲ್ಲ, ಅದಕ್ಕ ಹುಡುಗ್ರು ಒಲ್ಲೆ ಅಂತಾರ.

ಚರ್ಮದ ಡಾಕ್ಟರ್, ಐರೋಲಿ:
ಗಾಂಧಿ ಮಾರ್ಕೆಟ್ ಅಣ್ಣನವರು ಹೇಳಿದ್ದರ ಮುಂದಿನ ಅಧ್ಯಾಯ ನನ್ನ ಕ್ಲಿನಿಕ್ಕಿಗೆ ಬರುತ್ತದೆ. ತೊಡೆಸಂದು, ಸೊಂಟದ ಪಟ್ಟಿಯ ಜಾಗ, ಮೊಣಕಾಲ ಹಿಂಭಾಗದಲ್ಲಿ ಗಜಕರ್ಣ. ಬಿಗಿಯಾದ ಸಿಂಥೆಟಿಕ್ ಬಟ್ಟೆ ಒಂದೇ ಕಾರಣವಲ್ಲ, ಆದರೆ ಒದ್ದೆ ಮತ್ತು ಶಾಖ ಒಟ್ಟಿಗೆ ಸಿಕ್ಕಲ್ಲಿ ಶಿಲೀಂಧ್ರ ಹಬ್ಬುತ್ತದೆ. ಬೆಳಗ್ಗೆ ಜಿಮ್ಮಿನಲ್ಲಿ ಬೆವರಿದ ಲೆಗ್ಗಿಂಗ್ಸ್‌ನಲ್ಲೇ ಆಫೀಸು, ಮಾಲು, ಸಂಜೆ ಮನೆ. ಕೆರೆತ ಶುರುವಾದರೆ ಮೆಡಿಕಲ್ ಶಾಪಿನಲ್ಲಿ ಸ್ಟೀರಾಯ್ಡ್ ಬೆರೆಸಿದ ಮುಲಾಮು ಕೇಳಿ ಹಚ್ಚುತ್ತಾರೆ. ತುರಿಕೆ ಅಡಗುತ್ತದೆ, ಸೋಂಕು ಮಾತ್ರ ಹರಡುತ್ತಲೇ ಇರುತ್ತದೆ. ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಮನೆಯಲ್ಲಿ ಟವೆಲ್ ಹಂಚಿಕೊಂಡವರಿಗೂ ತಗಲುತ್ತದೆ.

ವಾಸನೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವ್ಯಾಯಾಮ ಮಾಡಿದವರ ಅಂಗಿಗಳನ್ನು ಹೋಲಿಸಿದಾಗ, ಪಾಲಿಯೆಸ್ಟರ್ ಅಂಗಿ ಹತ್ತಿಯದಕ್ಕಿಂತ ಕೆಟ್ಟ ವಾಸನೆ ಹೊಡೆಯುತ್ತಿತ್ತು. ವಾಸನೆಗೆ ಕಾರಣವಾಗುವ ಮೈಕ್ರೋಕಾಕಸ್ ಬ್ಯಾಕ್ಟೀರಿಯಾ ಪಾಲಿಯೆಸ್ಟರಿನ ಮೇಲೆ ಚೆನ್ನಾಗಿ ಬೆಳೆದಿತ್ತು. ಒಗೆದ ಜೆರ್ಸಿ ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಮತ್ತೆ ನಾರುತ್ತದೆ ಎನ್ನುವವರಿಗೆ ಇದರಲ್ಲಿ ಉತ್ತರ ಇದೆ.

ರಾಯರೇ, ಉಡುಪಿನ ನಿಯಮದ ಪರವೋ ವಿರೋಧವೋ ನಾನು ಹೇಳಲಾರೆ. ಬೆವರಿದ ಬಟ್ಟೆಯನ್ನು ಬದಲಿಸಿ ಬನ್ನಿ ಅಂತ ಬರೆದರೆ ವೈದ್ಯಳಾಗಿ ನಾನೇ ಕೆಳಗೆ ಸಹಿ ಹಾಕುತ್ತೇನೆ.

ಫೋರ್ಟ್ ಮಾಣಿ:
ನಾನು ಇಲ್ಲಿ ಬರೆಯುದು ಕಮ್ಮಿ. ಈ ಸಲ ಬರೀದೆ ಇರ್ಲಿಕ್ಕೆ ಆಗ್ಲಿಲ್ಲ. ಊರು ಕುಂದಾಪುರ ಕಡೆ, ಫೋರ್ಟಿನ ಒಂದು ಹೋಟೆಲಲ್ಲಿ ಸಪ್ಲೈ ಕೆಲಸ. ಡ್ಯೂಟಿಗೆ ಯೂನಿಫಾರ್ಮು ಉಂಟು. ಅದು ಬಿಟ್ರೆ ನಮ್ಮ ರೂಮಿನ ಹುಡುಗ್ರ ಹತ್ರ ಇರುದು ಟ್ರ್ಯಾಕ್ ಪ್ಯಾಂಟು, ಟೀ ಶರ್ಟೇ. ಆಜಾದ್ ಮೈದಾನದ ಪಕ್ಕದ ಫ್ಯಾಷನ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ತಗೊಂಡದ್ದು.

ರೂಮಲ್ಲಿ ಬಟ್ಟೆ ಹಾಕ್ಲಿಕ್ಕೆ ಹಗ್ಗ ಒಂದೇ. ಜುಲೈ ತಿಂಗಳಲ್ಲಿ ಕಾಟನ್ ಪ್ಯಾಂಟು ಒಗೆದು ಹಾಕಿದ್ರೆ ಸೊಂಟದ ಪಟ್ಟಿ, ಜೇಬಿನ ಒಳಗಿನ ಬಟ್ಟೆ ಒಣಗುದೇ ಇಲ್ಲ ಮಾರಾಯ್ರೆ, ಮುಗ್ಗಲು ವಾಸನೆ. ಟ್ರ್ಯಾಕ್ ಪ್ಯಾಂಟು ರಾತ್ರಿ ಹಿಂಡಿ ಹಾಕಿದ್ರೆ ಬೆಳಗ್ಗೆ ಹಾಕ್ಲಿಕ್ಕೆ ರೆಡಿ. ಇಸ್ತ್ರಿ ಬೇಡ. ಡಾಕ್ಟ್ರು ಹೇಳಿದ್ದು ಸರಿ ಇರ್ಬಹುದು, ನಾವು ಬದಲಿಸ್ಲಿಕ್ಕೆ ಇನ್ನೊಂದು ಬೇಕಲ್ಲ.

ಇದೇ ಪ್ಯಾಂಟು ಮರೀನ್ ಡ್ರೈವಿನಲ್ಲಿ ಓಡುವ ಸಾಹುಕಾರ್ರು ಹಾಕಿದ್ರೆ ‘ಫಿಟ್ ಇದ್ದಾರೆ’ ಅಂತ ಹೇಳ್ತಾರೆ. ನಾವು ಹಾಕಿದ್ರೆ ಪೋಲಿ ಹುಡುಗ್ರು. ಸಂಘದ ಯಕ್ಷಗಾನಕ್ಕೆ ನಾವು ಬರುದು ಊರಿನ ಭಾಗವತಿಕೆ ಕೇಳ್ಬೇಕು ಅಂತ. ಆಮಂತ್ರಣದಲ್ಲಿ ಆ ಸಾಲು ಕಂಡ್ರೆ ನಮ್ಮವರು ಒಬ್ರೂ ಬರುದಿಲ್ಲ. ಜಗಳ ಮಾಡುದಿಲ್ಲ, ಸುಮ್ನೆ ಬರುದಿಲ್ಲ.

ಫೈವ್ ಗಾರ್ಡನ್ಸ್ ಅಜ್ಜಿ:
ಮಾಟುಂಗಾದಲ್ಲಿ ಮೊದಲೆಲ್ಲ ನಾವು ಹೆಂಗಸರು ವಾಕಿಂಗಿಗೆ ಸೀರೆ ಉಟ್ಟು, ಕೆಳಗೆ ಕ್ಯಾನ್ವಾಸ್ ಶೂ ಹಾಕಿ ಹೋಗುತ್ತಿದ್ದೆವು. ಮೊಣಕಾಲಿನ ಆಪರೇಷನ್ ಆದ ಮೇಲೆ ಫಿಸಿಯೋಥೆರಪಿಯ ಹುಡುಗಿ ಟ್ರ್ಯಾಕ್ ಪ್ಯಾಂಟ್ ಹಾಕಿಸಿದಳು. ಈಗ ಬೆಳಗ್ಗೆ ತರಕಾರಿಗೂ ಅದರಲ್ಲೇ ಹೋಗುತ್ತೇನೆ, ಹೂವಿನ ಅಂಗಡಿಗೂ ಅದರಲ್ಲೇ. ಮೆಟ್ಟಿಲು ಹತ್ತುವಾಗ ಒಂದು ಕೈ ನೆರಿಗೆ ಹಿಡಿಯಬೇಕಿಲ್ಲ, ಎರಡೂ ಕೈ ಕಟಕಟೆ ಹಿಡಿಯಬಹುದು. ನನ್ನ ವಯಸ್ಸಿಗೆ ಇದು ಸಣ್ಣ ಮಾತಲ್ಲ.

ಸಂಘಕ್ಕೆ ಬರುವಾಗ ಮಾತ್ರ ಇಳಕಲ್ ಸೀರೆ ತೆಗೆಯುತ್ತೇನೆ, ಅದು ನನ್ನ ಸಂತೋಷ. ಉಡಲು ಯಾವತ್ತಾದರೂ ಆಗದಿದ್ದರೆ? ಪ್ಯಾಂಟಿನಲ್ಲಿ ಬಂದರೆ ಒಳಗೆ ಬಿಡುತ್ತೀರೋ ಇಲ್ಲವೋ ಎಂದು ಯೋಚಿಸುತ್ತಾ ಮನೆಯಲ್ಲಿ ಕೂರಬೇಕೇ ಶ್ರೀಮಾನ್ ರಾಯರು?

ಮುಲುಂಡ್ ರಾಯರು:
ಅಜ್ಜಿಯವರನ್ನು ತಡೆಯುವ ಮಾತು ಕನಸಿನಲ್ಲೂ ಇಲ್ಲ.

ಫೋರ್ಟಿನ ತಮ್ಮನಿಗೆ ಉತ್ತರ ಕೊಡಬೇಕು, ಏಕೆಂದರೆ ಬಡತನದ ಮಾತು ಬಂತು. ನಮ್ಮ ತಂದೆ ಲೋವರ್ ಪರೇಲ್‌ನ ಗಿರಣಿಯಲ್ಲಿ ಇದ್ದವರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಗಿರಣಿ ಮುಷ್ಕರ ಶುರುವಾದ ಮೇಲೆ ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಚಾಳಿನ ಒಂದೇ ಕೋಣೆ. ಅವರ ಹತ್ತಿರ ಒಳ್ಳೆಯ ಅಂಗಿ ಅಂತ ಇದ್ದದ್ದು ಒಂದು, ಬಿಳಿಯದು. ಸಂಘದ ಕಾರ್ಯಕ್ರಮ ಇದ್ದ ದಿನ ಅಮ್ಮ ಹಿತ್ತಾಳೆ ತಂಬಿಗೆಯಲ್ಲಿ ಕೆಂಡ ತುಂಬಿ, ಚಾಪೆಯ ಮೇಲೆ ಅಂಗಿ ಹರಡಿ ಇಸ್ತ್ರಿ ಮಾಡುತ್ತಿದ್ದಳು. ಕಾಲರ್ ಸವೆದು ಎಳೆ ಬಿಟ್ಟಾಗ ಅದನ್ನು ಬಿಚ್ಚಿ ಒಳಮಗ್ಗಲು ಹೊರಗೆ ಮಾಡಿ ಹೊಲಿಸಿಕೊಂಡರು. ಕೈಯಲ್ಲಿ ಕಾಸಿಲ್ಲದ ಆ ವರ್ಷಗಳಲ್ಲೇ ಅವರು ಅಷ್ಟು ಶ್ರದ್ಧೆಯಿಂದ ಉಟ್ಟು ಬರುತ್ತಿದ್ದರು. ಪಾತ್ರಧಾರಿ ಬಣ್ಣ ಬಳಿದು, ಗೆಜ್ಜೆ ಕಟ್ಟಿ ಸಿದ್ಧನಾಗಲು ಗಂಟೆಗಟ್ಟಲೆ ಕೂರುತ್ತಾನೆ. ನೋಡುವವನೂ ತನ್ನ ಪಾಲಿಗೆ ಒಂದಿಷ್ಟು ಸಿದ್ಧನಾಗಿ ಬರಲಿ ಎನ್ನುವುದು ನನ್ನ ಕೋರಿಕೆ. ಇದನ್ನು ಹಣದ ಲೆಕ್ಕಕ್ಕೆ ಹಚ್ಚಬೇಡಿ, ಮನಸ್ಸಿಗೆ ನೋವಾಗುತ್ತದೆ.

ಆ ಗಿರಣಿಗಳ ಜಾಗದಲ್ಲಿ ಈಗ ಮಾಲುಗಳು ಎದ್ದಿವೆ. ಫೀನಿಕ್ಸ್ ಮಿಲ್ಲನ್ನೇ ನೋಡಿ. ಹತ್ತಿ ನೂತ ನೆಲದ ಮೇಲೆ ಪಾಲಿಯೆಸ್ಟರ್ ಮಾರುತ್ತಾರೆ. ಇದು ನನ್ನ ಮನಸ್ಸಿನಲ್ಲಿ ಕೂತಿದೆ, ಇಲ್ಲ ಎನ್ನಲಾರೆ.

ನೆರೂಳ್ ಜೆರ್ಸಿ:
ಓದಿ ಗಂಟಲು ಕಟ್ಟಿತು ರಾಯರೇ. ಶಾರ್ಟ್ಸ್ ಹಾಕಿ ಮೊದಲ ಸಾಲಿನಲ್ಲಿ ಕೂರುವವರಿಗೆ ನಾವು ಯುವಕರೇ ಹೇಳುತ್ತೇವೆ. ನಮ್ಮ ಮಾತು ಅವರು ಕೇಳುತ್ತಾರೆ, ಅಚ್ಚಿನ ಸಾಲನ್ನು ಯಾರೂ ಓದುವುದಿಲ್ಲ.

ಫೋರ್ಟ್ ಮಾಣಿ:
ರಾಯರೇ, ನಿಮ್ಮ ಅಪ್ಪಯ್ಯನ ವಿಷಯ ಓದಿ ಕೈ ಮುಗಿದೆ. ಒಂದೇ ಮಾತು ಹೇಳ್ತೆ, ಬೇಸರ ಮಾಡ್ಬೇಡಿ. ಅವರು ಆ ಅಂಗಿ ಹಾಕಿದ್ದು ಅವರ ಮನಸ್ಸಿನಿಂದ. ಬಾಗಿಲಲ್ಲಿ ಯಾರೂ ಅವರ ಕಾಲರ್ ಹಿಡಿದು ನೋಡ್ಲಿಲ್ಲ. ಕಾಲರ್ ತಿರುಗಿಸಿ ಹೊಲಿದದ್ದು ಕಂಡು ಒಬ್ಬ ಸ್ವಯಂಸೇವಕ ತಡೆದಿದ್ರೆ ಅವರು ಮತ್ತೆ ಸಂಘಕ್ಕೆ ಬರ್ತಿದ್ರಾ?

ನಮ್ಮಲ್ಲೂ ಊರಿಂದ ತಂದ ಪಂಚೆ ಉಂಟು, ಪೆಟ್ಟಿಗೆ ಅಡಿಯಲ್ಲಿ. ಈ ಸಲದ ಯಕ್ಷಗಾನದ ಆಟಕ್ಕೆ ಅದನ್ನೇ ಉಟ್ಟು ಬರುವ ಅಂತ ರೂಮಿನ ಹುಡುಗ್ರು ಮಾತಾಡಿದ್ದೆವು. ಸಾಲು ಅಚ್ಚಾದ್ರೆ ಉಡುವ ಮನಸ್ಸು ಹೋಗ್ತದೆ.

ಮುಲುಂಡ್ ರಾಯರು:
ತಮ್ಮಾ, ಕಾಲರಿನ ಮಾತು ಮನಸ್ಸಿಗೆ ತಾಗಿತು. ಶ್ರದ್ಧೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದನ್ನು ಸಮಿತಿಯಲ್ಲಿ ಹೇಳಿಯೇ ಹೇಳುತ್ತೇನೆ. ಸಾಲನ್ನು ಮಾತ್ರ ಈ ಸಲದ ಅಚ್ಚಿಗೆ ಕೊಡುವುದಿಲ್ಲ. ಭಾನುವಾರ ಬೆಳಗ್ಗೆ 11ಕ್ಕೆ ಸಮಿತಿ ಸಭೆ ಇದೆ, ಸದಸ್ಯರಲ್ಲದವರೂ ಬಂದು ಮಾತಾಡಬಹುದು. ನೀನೂ ಬಾ.

ಫೋರ್ಟ್ ಮಾಣಿ:
11ಕ್ಕೆ ಊಟದ ತಯಾರಿ ಶುರು ಆಗಿರ್ತದೆ ರಾಯರೇ, ನಮ್ಮನ್ನು ಬಿಡುದಿಲ್ಲ. ಮಧ್ಯಾಹ್ನ 4ಕ್ಕೆ ಇಡ್ಲಿಕ್ಕೆ ಆಗ್ತದಾ? ಆ ಹೊತ್ತಿಗೆ ಹೋಟೆಲಿನವರಿಗೆಲ್ಲ ಸ್ವಲ್ಪ ಬಿಡುವು.

ಮುಲುಂಡ್ ರಾಯರು:
4ಕ್ಕೇ ಇಡೋಣ.